ತಡವಾದ ತಾಯ್ತನ ಮತ್ತು ಅಂಡಾಣುವಿನ ವಯಸ್ಸು

ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಲ್ಲಿ ವಿವಾಹದ ವಯಸ್ಸು ಒಂದೆರಡು ತಲೆಮಾರುಗಳಲ್ಲಿ ಬಹಳಷ್ಟು ಮುಂದಕ್ಕೆ ಸರಿದಿದೆ. ಹೆಣ್ಣುಮಕ್ಕಳ ಉಚ್ಚ ಶಿಕ್ಷಣ, ಅನಂತರ ಉದ್ಯೋಗ, ವಿವಾಹವಾದ ಮೇಲೆ ಸ್ವಂತ ಮನೆಗಾಗಿ ಮಾಡಿದ ಸಾಲ, ಗಂಡನಿಗೊಂದು ಊರು ಹೆಂಡತಿಗೊಂದು ಊರು ಎಂಬಂತಹ ವರ್ಗಾವಣೆಗಳು, ಇವೆಲ್ಲ ಒಂದು ದಡಕ್ಕೆ ಬಂದು ದಂಪತಿಗಳು ಸಂತಾನದ ಯೋಚನೆಗೆ ತೊಡಗುವ ವೇಳೆಗೆ ಹೆಂಡತಿಗೆ ಮೂವತ್ತನಾಲ್ಕೋ ಮೂವತ್ತಾರೋ ಆಗಿರುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಬಯಸಿದಾಗ ಗರ್ಭ ನಿಲ್ಲದೆ ವೈದ್ಯರಲ್ಲಿಗೆ ಹೋದವರಿಗೆ ಇಂದು ಸಾಮಾನ್ಯವಾಗಿ ಕೇಳಿಬರುವ ಮಾತೊಂದುಂಟು: “ಅಂಡಾಣುವಿನ ಗುಣಮಟ್ಟ ಕಡಿಮೆಯಾಗಿದೆ.” ಈ ಮಾತು ಕಿವಿಗೆ ಬಿದ್ದ ದಿನದಿಂದ ಮನೆಯಲ್ಲಿ ಗುಣಮಟ್ಟ ಹೆಚ್ಚಿಸುವ ಮಾತ್ರೆ, ಪುಡಿ, ಲೇಹ್ಯಗಳ ಶೋಧ ಆರಂಭವಾಗುತ್ತದೆ. ಒಂದು ಔಷಧ ಆರು ತಿಂಗಳು, ಅದು ಫಲಿಸದಿದ್ದರೆ ಮತ್ತೊಂದು ಆರು ತಿಂಗಳು ಎಂದು ನೋಡನೋಡುತ್ತಲೇ ಎರಡು ವರ್ಷ ಉರುಳುತ್ತವೆ. ಮೂವತ್ತೇಳರ ಸ್ತ್ರೀಗೆ ಆ ಎರಡು ವರ್ಷಗಳಿಗಿಂತ ಬೆಲೆಯುಳ್ಳದ್ದು ಬೇರೊಂದಿಲ್ಲ. ಆದುದರಿಂದ ಈ ಗುಣಮಟ್ಟವೆಂಬುದು ಏನು, ಅದು ಏಕೆ ಕುಗ್ಗುತ್ತದೆ, ಅದನ್ನು ಹೆಚ್ಚಿಸುವುದು ಎಷ್ಟರಮಟ್ಟಿಗೆ ಸಾಧ್ಯ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ನೋಡೋಣ.

ಹುಟ್ಟುವ ಮೊದಲೇ ಕೂಡಿಟ್ಟ ಗಂಟು

ಪುರುಷನ ಶರೀರದಲ್ಲಿ ವೀರ್ಯಾಣುಗಳು ಯೌವನದಿಂದ ಮುಪ್ಪಿನವರೆಗೆ ಪ್ರತಿದಿನವೂ ಹೊಸದಾಗಿ ತಯಾರಾಗುತ್ತವೆ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಸಾಕು. ಸ್ತ್ರೀಯ ವಿಷಯದಲ್ಲಿ ಪ್ರಕೃತಿಯ ಏರ್ಪಾಡು ತೀರ ಬೇರೆ. ಆಕೆಯ ಅಂಡಾಣುಗಳು ಆಕೆ ಇನ್ನೂ ತಾಯಿಯ ಗರ್ಭದಲ್ಲಿರುವಾಗಲೇ ಹುಟ್ಟಿಬಿಡುತ್ತವೆ. ಎಂದರೆ, ಈ ಲೇಖನವನ್ನು ಓದುತ್ತಿರುವ ತಮಗೆ ಜನ್ಮವಿತ್ತ ಅಂಡಾಣು ರೂಪುಗೊಂಡುದು ತಮ್ಮ ತಾಯಿಯ ತಾಯಿಯ ಗರ್ಭದಲ್ಲಿ! ಐದನೆಯ ತಿಂಗಳ ಹೆಣ್ಣು ಭ್ರೂಣದ ಎರಡು ಅಂಡಾಶಯಗಳಲ್ಲಿ ಒಟ್ಟು 60ರಿಂದ 70 ಲಕ್ಷ ಅಂಡಾಣುಗಳಿರುತ್ತವೆ. ಅಲ್ಲಿಂದ ಮುಂದೆ ಖರ್ಚೇ ಹೊರತು ಜಮೆಯಿಲ್ಲ. ಹುಟ್ಟುವಾಗ 10ರಿಂದ 20 ಲಕ್ಷ, ಮೈನೆರೆಯುವ ವೇಳೆಗೆ 3ರಿಂದ 4 ಲಕ್ಷ, 37ನೆಯ ವಯಸ್ಸಿನ ಸುಮಾರಿಗೆ 25 ಸಾವಿರ, ಮುಟ್ಟು ನಿಲ್ಲುವಾಗ ಸಾವಿರದಷ್ಟು. ಇಡೀ ಜೀವಮಾನದಲ್ಲಿ ಪಕ್ವವಾಗಿ ಹೊರಬೀಳುವುದು 400ರಿಂದ 500 ಮಾತ್ರ. ಉಳಿದವು ಸದ್ದಿಲ್ಲದೆ ಕರಗಿಹೋಗುತ್ತವೆ. ಗರ್ಭನಿರೋಧಕ ಮಾತ್ರೆಗಳನ್ನು ಸೇವಿಸುತ್ತಿದ್ದರೂ, ಬಸಿರಾಗಿದ್ದರೂ ಈ ಕರಗುವಿಕೆ ನಿಲ್ಲುವುದಿಲ್ಲ.

ಪಾಶ್ಚಾತ್ಯ ಸ್ತ್ರೀಯರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51 ಆದರೆ ನಮ್ಮ ದೇಶದ ಸ್ತ್ರೀಯರಲ್ಲಿ ಅದು ಸುಮಾರು 46ರಿಂದ 47. ವಿದೇಶೀ ಪುಸ್ತಕಗಳ ಲೆಕ್ಕವನ್ನು ನೋಡಿ ಸಮಾಧಾನಪಟ್ಟುಕೊಳ್ಳುವವರು ಈ ಅಂತರವನ್ನು ಮರೆಯಬಾರದು.

ಕಾಯುವಿಕೆಯ ಕೇಡು

ಸಂಖ್ಯೆ ಕುಗ್ಗುವುದು ಒಂದು ವಿಷಯ, ಗುಣ ಕುಗ್ಗುವುದು ಇನ್ನೊಂದು. ಜನರು ಮಾತ್ರವಲ್ಲ, ಕೆಲವೊಮ್ಮೆ ವೈದ್ಯರೂ ಇವೆರಡನ್ನು ಕಲಸಿ ಮಾತನಾಡುವುದುಂಟು. ಗುಣಮಟ್ಟವೆಂದರೆ ಮುಖ್ಯವಾಗಿ ವರ್ಣತಂತುಗಳ ಲೆಕ್ಕ ಸರಿಯಾಗಿರುವುದು. ನಮ್ಮ ಶರೀರದ ಪ್ರತಿಯೊಂದು ಜೀವಕೋಶದಲ್ಲಿಯೂ ಕ್ರೋಮೋಸೋಮ್ ಎನ್ನಲಾಗುವ ವರ್ಣತಂತುಗಳು 46 ಇವೆ. ತಂದೆಯಿಂದ 23, ತಾಯಿಯಿಂದ 23 ಬಂದು ಸೇರಬೇಕಾದುದರಿಂದ ಅಂಡಾಣುವು ತನ್ನ 46ನ್ನು 23ಕ್ಕೆ ಇಳಿಸಿಕೊಳ್ಳಬೇಕು. ಇದಕ್ಕಾಗಿ ಒಂದು ವಿಶೇಷ ವಿಭಜನೆ ನಡೆಯುತ್ತದೆ. ವಿಚಿತ್ರವೆಂದರೆ, ಈ ವಿಭಜನೆ ಹೆಣ್ಣು ಭ್ರೂಣದಲ್ಲಿಯೇ ಆರಂಭವಾಗಿ ಅರ್ಧಕ್ಕೇ ನಿಂತುಬಿಡುತ್ತದೆ. ಆ ಅಂಡಾಣು ಬಿಡುಗಡೆಯಾಗುವ ತಿಂಗಳಲ್ಲಿ, ಬಿಡುಗಡೆಗೆ ಕೆಲವು ಗಂಟೆಗಳ ಮುಂಚೆ, ನಿಂತ ಕೆಲಸ ಪುನಃ ಸಾಗುತ್ತದೆ. ಇಪ್ಪತ್ತೆರಡರ ಯುವತಿಯಲ್ಲಿ ಇಪ್ಪತ್ತೆರಡು ವರ್ಷ, ನಲವತ್ತರವಳಲ್ಲಿ ನಲವತ್ತು ವರ್ಷ ಅದು ಹಾಗೆಯೇ ಕಾದಿರುತ್ತದೆ.

ಕಾದಿರುವಷ್ಟು ಕಾಲ ವರ್ಣತಂತುಗಳನ್ನು ಜೊತೆಜೊತೆಯಾಗಿ ಹಿಡಿದಿಡುವುದು ಕೊಹೆಸಿನ್ ಎಂಬ ಉಂಗುರದಾಕಾರದ ಪ್ರೋಟೀನು. ಭ್ರೂಣಾವಸ್ಥೆಯಲ್ಲಿ ತೊಡಿಸಿದ ಈ ಉಂಗುರಗಳು ಅನಂತರ ಹೊಸದಾಗಿ ಸೇರ್ಪಡೆಯಾಗುವುದಿಲ್ಲವೆಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಸವೆದದ್ದು ಸವೆಯಿತು. ವಿಭಜನೆಯ ವೇಳೆಗೆ ಅಂಡಾಣುವಿನಲ್ಲಿ ನೂಲುವ ಕದಿರಿನ ಆಕಾರದಲ್ಲಿ ಸೂಕ್ಷ್ಮವಾದ ಎಳೆಗಳು ಮೂಡಿ ವರ್ಣತಂತುಗಳನ್ನು ಎರಡು ಕಡೆಗೆ ಸೆಳೆಯುತ್ತವೆ. ಹಿಡಿತ ಸಡಿಲವಾದ ಜೋಡಿಗಳು ಆಗ ದಿಕ್ಕುತಪ್ಪುತ್ತವೆ. ಒಂದು ಕಡೆ 24, ಇನ್ನೊಂದು ಕಡೆ 22 ಆಗಿಬಿಡುತ್ತವೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳೂ ವಯಸ್ಸಿನೊಂದಿಗೆ ದುರ್ಬಲವಾಗುವುದುಂಟು. ಆದರೆ ಮುಖ್ಯವಾದ ಕೇಡು ಈ ಲೆಕ್ಕದ ತಪ್ಪೇ. ತಪ್ಪು ಲೆಕ್ಕದ ಅಂಡಾಣು ಬಹುತೇಕ ಫಲಿತವಾಗಿಯೂ ಗರ್ಭಕೋಶದಲ್ಲಿ ನೆಲೆಯೂರುವುದಿಲ್ಲ. ಊರಿದರೂ ಎರಡನೆಯ ಮೂರನೆಯ ತಿಂಗಳಲ್ಲಿ ಗರ್ಭ ಇಳಿದುಹೋಗುತ್ತದೆ. ಅಪರೂಪಕ್ಕೆ ಡೌನ್ ಲಕ್ಷಣಗಳುಳ್ಳ ಮಗು ಜನಿಸುತ್ತದೆ.

ಪ್ರನಾಳದಲ್ಲಿ ಬೆಳೆಸಿದ ಸಾವಿರಾರು ಭ್ರೂಣಗಳ ಪರೀಕ್ಷೆಯಿಂದ ಈಗ ತಿಳಿದಿರುವುದೇನೆಂದರೆ, ಮೂವತ್ತರ ಆಸುಪಾಸಿನ ಸ್ತ್ರೀಯರ ಭ್ರೂಣಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಅಥವಾ ಮೂರರಲ್ಲಿ ಒಂದು ಲೆಕ್ಕ ತಪ್ಪಿದುದಾಗಿದ್ದರೆ, ನಲವತ್ತರಲ್ಲಿ ಅರ್ಧಕ್ಕಿಂತ ಹೆಚ್ಚು, ನಲವತ್ತಮೂರು ದಾಟಿದ ಮೇಲೆ ಐದರಲ್ಲಿ ನಾಲ್ಕು ಅಂತಹವು. ಡೌನ್ ಲಕ್ಷಣದ ಮಗು ಜನಿಸುವ ಸಂಭವ 25ರ ತಾಯಿಯಲ್ಲಿ ಸುಮಾರು 1,250ಕ್ಕೆ ಒಂದು. 35ರಲ್ಲಿ 350ಕ್ಕೆ ಒಂದು. 40ರಲ್ಲಿ 100ಕ್ಕೆ ಒಂದು. ನಾರ್ವೆ ದೇಶದ ದಾಖಲೆಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗರ್ಭಪಾತದ ಪ್ರಮಾಣ 25ರಿಂದ 29ರ ವಯಸ್ಸಿನಲ್ಲಿ ಶೇಕಡಾ 10ರಷ್ಟಿದ್ದು, 45 ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚಾಗಿತ್ತು. ಆರಂಭದ ಗರ್ಭಪಾತವಾದಾಗ “ಭಾರ ಎತ್ತಿದಳು”, “ಲೋಕಲ್ ರೈಲಿನಲ್ಲಿ ಓಡಾಡಿದಳು” ಎಂದು ಸೊಸೆಯನ್ನು ದೂರುವ ಹಿರಿಯರು ಈ ಅಂಕಿಗಳನ್ನು ಒಮ್ಮೆ ಗಮನಿಸುವುದು ಒಳ್ಳೆಯದು.

“ನಮ್ಮ ಅಜ್ಜಿಗೆ ನಲವತ್ತೆರಡರಲ್ಲಿ ಮಗುವಾಗಲಿಲ್ಲವೇ?” ಎಂದು ಕೇಳುವವರಿದ್ದಾರೆ. ಆಗಿದ್ದಿರಬಹುದು. ಆದರೆ ಅದು ಅಜ್ಜಿಯ ಎಂಟನೆಯದೋ ಒಂಬತ್ತನೆಯದೋ ಹೆರಿಗೆ. ಅವಳ ಓರಗೆಯವರಲ್ಲಿ ಎಷ್ಟು ಜನಕ್ಕೆ ಮೂವತ್ತೆಂಟರಲ್ಲಿಯೇ ಹೆರಿಗೆ ನಿಂತುಹೋಗಿತ್ತೆಂಬುದನ್ನು ಯಾರೂ ಬರೆದಿಡಲಿಲ್ಲ. ಬರೆದಿಟ್ಟ ಒಂದು ಜನಾಂಗವುಂಟು. ಉತ್ತರ ಅಮೇರಿಕದ ಬಯಲುಗಳಲ್ಲಿ ಬೇಸಾಯ ಮಾಡಿಕೊಂಡಿರುವ ಹಟರೈಟ್ ಎಂಬ ಕ್ರೈಸ್ತ ಪಂಥದವರು ಸಂತಾನ ನಿಯಂತ್ರಣವನ್ನು ಒಪ್ಪದವರು. 1957ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ 34 ದಾಟಿದ ಮೇಲೆ ಮಕ್ಕಳಾಗದವರು ಶೇಕಡಾ 11. 40 ದಾಟಿದ ಮೇಲೆ ಶೇಕಡಾ 33. 45 ದಾಟಿದ ಮೇಲೆ ಶೇಕಡಾ 87. ಗಂಡನ ವಯಸ್ಸೂ ಇದರಲ್ಲಿ ಸೇರಿರಬಹುದಲ್ಲ ಎಂಬ ಆಕ್ಷೇಪಕ್ಕೆ 1982ರಲ್ಲಿ ಫ್ರಾನ್ಸಿನಿಂದ ಉತ್ತರ ದೊರೆಯಿತು. ಗಂಡಂದಿರಲ್ಲಿ ವೀರ್ಯಾಣುಗಳೇ ಇಲ್ಲದ 2,193 ಸ್ತ್ರೀಯರಿಗೆ ದಾನಿಗಳ ವೀರ್ಯದಿಂದ ಕೃತಕ ಗರ್ಭಧಾರಣೆ ಮಾಡಿಸಿದಾಗ, ಒಂದು ವರ್ಷದ ಪ್ರಯತ್ನದಲ್ಲಿ ಗರ್ಭಿಣಿಯಾದವರು ಮೂವತ್ತರವರೆಗೆ ಶೇಕಡಾ 73ರಿಂದ 74. 31ರಿಂದ 35ರವರೆಗೆ 61. ಅದರ ಮೇಲೆ 54. ಇಳಿತ ಮೂವತ್ತರ ಅನಂತರ ಆರಂಭವಾಗಿ, ಮೂವತ್ತೈದರ ಮೇಲೆ ಕಡಿದಾಗುತ್ತದೆ. ಆದರೂ 35 ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗರ್ಭಿಣಿಯಾದರೆಂಬುದನ್ನೂ ಮರೆಯತಕ್ಕದ್ದಲ್ಲ. ಹೆದರಿಸುವುದು ಈ ಲೇಖನದ ಉದ್ದೇಶವಲ್ಲ.

ರಕ್ತಪರೀಕ್ಷೆ ಹೇಳುವುದು ಮತ್ತು ಹೇಳದಿರುವುದು

ಇತ್ತೀಚೆಗೆ ಎ.ಎಂ.ಎಚ್. ಎಂಬ ರಕ್ತಪರೀಕ್ಷೆ ಮನೆಮಾತಾಗಿದೆ. ಅವಿವಾಹಿತ ಕನ್ಯೆಯರೂ ಕುತೂಹಲದಿಂದ ಮಾಡಿಸಿಕೊಂಡು, ಅಂಕಿ ಕಡಿಮೆ ಬಂದರೆ ನಿದ್ದೆಗೆಡುತ್ತಾರೆ. ಈ ಪರೀಕ್ಷೆ ಉಳಿದಿರುವ ಅಂಡಾಣುಗಳ ಸಂಖ್ಯೆಯ ಅಂದಾಜನ್ನು ಕೊಡುತ್ತದೆ, ಗುಣವನ್ನು ಹೇಳುವುದಿಲ್ಲ. ಪ್ರನಾಳ ಚಿಕಿತ್ಸೆಯಲ್ಲಿ ಚುಚ್ಚುಮದ್ದಿಗೆ ಎಷ್ಟು ಅಂಡಾಣುಗಳು ದೊರೆತಾವೆಂದು ಊಹಿಸಲು ಅದು ಉಪಯುಕ್ತ. ಆದರೆ 30ರಿಂದ 44 ವಯಸ್ಸಿನ, ಬಂಜೆತನದ ಇತಿಹಾಸವಿಲ್ಲದ ಸ್ತ್ರೀಯರನ್ನು ಕುರಿತು 2017ರಲ್ಲಿ ಅಮೇರಿಕದಿಂದ ಪ್ರಕಟವಾದ ಅಧ್ಯಯನದಲ್ಲಿ, ಈ ಅಂಕಿ ಕಡಿಮೆಯಿದ್ದವರೂ ಉಳಿದವರಷ್ಟೇ ಪ್ರಮಾಣದಲ್ಲಿ ಸಹಜವಾಗಿ ಗರ್ಭಿಣಿಯಾದರು. ಮೂವತ್ತರ ಸ್ತ್ರೀಯಲ್ಲಿ ಅಂಕಿ ಕಡಿಮೆಯಿದ್ದರೂ ಅಂಡಾಣುಗಳು ಮೂವತ್ತರವೇ. ನಲವತ್ತೆರಡರ ಸ್ತ್ರೀಯಲ್ಲಿ ಅಂಕಿ ಹೆಚ್ಚಿದ್ದರೂ ಅವು ನಲವತ್ತೆರಡರವೇ. ಗುಣವನ್ನು ತಿಳಿಸುವ ಸಾಧನಗಳಲ್ಲಿ ಇಂದಿಗೂ ಜನ್ಮದಿನಾಂಕವನ್ನು ಮೀರಿಸಿದ್ದಿಲ್ಲ.

ಮಾತ್ರೆಗಳ ಮೂರು ತಿಂಗಳು

ಔಷಧ ಮಾರುವವರು ಹೇಳುವ “ಮೂರು ತಿಂಗಳ ಕೋರ್ಸ್” ಎಲ್ಲಿಂದ ಬಂತು? ಅಂಡಾಣು ತನ್ನ ಸುತ್ತಣ ಸಣ್ಣ ಚೀಲದೊಂದಿಗೆ ಬೆಳೆದು ಪಕ್ವವಾಗುವ ಕೊನೆಯ ಹಂತಕ್ಕೆ ಸುಮಾರು ಮೂರು ತಿಂಗಳು ಬೇಕು. ಆ ಅವಧಿಯಲ್ಲಿ ಒಳ್ಳೆಯ ಪೋಷಣೆ ಕೊಟ್ಟರೆ ಒಳ್ಳೆಯ ಅಂಡಾಣು ಬಂದೀತೆಂಬುದು ತರ್ಕ. ತರ್ಕ ನಿರಾಧಾರವಲ್ಲ. ಆದರೆ ಹಿಂದೆ ಹೇಳಿದ ಉಂಗುರಗಳ ಸವೆತ ಮೂವತ್ತೈದು ವರ್ಷಗಳದ್ದು; ಕೊನೆಯ ಮೂರು ತಿಂಗಳ ಪೋಷಣೆ ಅದನ್ನು ಹಿಂದಕ್ಕೆ ತಿರುಗಿಸಿದುದಕ್ಕೆ ಆಧಾರವಿಲ್ಲ.

ಈ ಮಾತ್ರೆಗಳಲ್ಲಿ ಹೆಚ್ಚು ಹೆಸರಾದುದು ಕೋಎನ್‌ಜೈಮ್ ಕ್ಯೂ-10. ಮೈಟೊಕಾಂಡ್ರಿಯಗಳಿಗೆ ಬೇಕಾದ ಈ ವಸ್ತು ಮುದಿ ಇಲಿಗಳ ಅಂಡಾಣುಗಳನ್ನು ಸುಧಾರಿಸಿತೆಂದು 2015ರಲ್ಲಿ ವರದಿಯಾಯಿತು. ಆದರೆ ಸ್ತ್ರೀಯರು ಇಲಿಗಳಲ್ಲ. ಕೆನಡಾದಲ್ಲಿ 35ರಿಂದ 43 ವಯಸ್ಸಿನವರ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಪ್ರಯೋಗ 39 ಜನರಿಗೇ ನಿಂತುಹೋಯಿತು; ವರ್ಣತಂತುಗಳ ದೋಷ ಕಡಿಮೆಯಾಯಿತೆಂದು ಅದರಿಂದ ಸಿದ್ಧವಾಗಲಿಲ್ಲ. ಚೀನಾದಿಂದ 2018ರಲ್ಲಿ ಬಂದ ಪ್ರಯೋಗದಲ್ಲಿ ಅಂಡಾಣುಗಳ ಸಂಖ್ಯೆಯೂ ಭ್ರೂಣಗಳ ಮಟ್ಟವೂ ಹೆಚ್ಚಿದವು, ಆದರೆ ಮನೆಗೆ ಮಗು ಬಂದ ಪ್ರಮಾಣದಲ್ಲಿ ನಿಶ್ಚಿತ ವ್ಯತ್ಯಾಸ ಕಾಣಲಿಲ್ಲ. ಅದರಲ್ಲಿದ್ದವರೂ 35ಕ್ಕಿಂತ ಕಿರಿಯರು. ಡಿ.ಎಚ್.ಇ.ಎ. ಎಂಬುದು ವಿಟಮಿನ್ ಅಲ್ಲ, ಪುರುಷ ಹಾರ್ಮೋನಿನ ಮೂಲದ್ರವ್ಯ. ಮೊಡವೆ, ಮುಖದ ಮೇಲೆ ಕೂದಲು ಇದರ ಸಾಮಾನ್ಯ ಪರಿಣಾಮಗಳು. ವೈದ್ಯರನ್ನು ಕೇಳದೆ ಇದನ್ನು ಸೇವಿಸಬಾರದು. ಸ್ವಂತ ರಕ್ತದ ಸಾರವನ್ನು ಅಂಡಾಶಯಕ್ಕೆ ಚುಚ್ಚಿ “ಪುನರ್ಯೌವನ” ತರುತ್ತೇವೆಂಬ ಜಾಹೀರಾತುಗಳೂ ಉಂಟು. ಆ ಹೆಸರಿಗೆ ತಕ್ಕ ಪುರಾವೆ ಮಾತ್ರ ದೊರೆತಿಲ್ಲ.

ಊರಿನಿಂದ ಬರುವ ಕಷಾಯ, ಲೇಹ್ಯಗಳ ವಿಷಯದಲ್ಲಿ ಒಂದೇ ಎಚ್ಚರಿಕೆ. ಭಸ್ಮ ಬೆರೆತ ಔಷಧಗಳಲ್ಲಿ ಸೀಸ, ಪಾದರಸಗಳಿರಬಹುದು. ನ್ಯೂಯಾರ್ಕ್ ನಗರದಲ್ಲಿ 2011-12ರಲ್ಲಿ ಆರು ಮಂದಿ ಗರ್ಭಿಣಿಯರಲ್ಲಿ ಸೀಸದ ವಿಷ ಪತ್ತೆಯಾದಾಗ, ಅವರೆಲ್ಲರೂ ಭಾರತದಿಂದ ತರಿಸಿದ ಆಯುರ್ವೇದ ಮಾತ್ರೆಗಳನ್ನು ಸೇವಿಸಿದ್ದುದು ತಿಳಿದುಬಂತು. ಸೀಸ ಹೊಟ್ಟೆಯಲ್ಲಿರುವ ಶಿಶುವಿನ ಮಿದುಳಿಗೆ ಕೇಡು.

ವೈದ್ಯರು ಚಿಕಿತ್ಸೆಯ ಜೊತೆಗೆ ಒಂದು ಮಾತ್ರೆಯನ್ನು ಬರೆದುಕೊಟ್ಟರೆ ಬೇಡವೆನ್ನಬೇಕಾಗಿಲ್ಲ. ಆದರೆ ಮಾತ್ರೆ ಮುಗಿಯಲೆಂದು ಚಿಕಿತ್ಸೆಯನ್ನು ಮುಂದೂಡುವುದು ಮೂವತ್ತೈದು ದಾಟಿದವರಿಗೆ ನಷ್ಟದ ವ್ಯಾಪಾರ.

ನಮ್ಮ ಕೈಯಲ್ಲಿರುವುದು

ಹೆಂಡತಿಗೆ 35 ಆಗಿರದಿದ್ದರೆ ಒಂದು ವರ್ಷ, 35 ದಾಟಿದ್ದರೆ ಆರು ತಿಂಗಳು ಪ್ರಯತ್ನಿಸಿ ವೈದ್ಯರನ್ನು ಕಾಣಬೇಕು. 40 ದಾಟಿದ್ದರೆ ಕಾಯುವ ಕಾರಣವೇ ಇಲ್ಲ. ಮುಟ್ಟು ಅನಿಯಮಿತವಾಗಿದ್ದರೆ, ಹಿಂದೆ ಕ್ಷಯ ಅಥವಾ ಹೊಟ್ಟೆಯ ಶಸ್ತ್ರಕ್ರಿಯೆ ಆಗಿದ್ದರೆ ಯಾವ ವಯಸ್ಸಿನಲ್ಲಿಯೂ ತಡಮಾಡಬಾರದು. ಅಂಡನಾಳಗಳಿಗೂ ಗರ್ಭಕೋಶಕ್ಕೂ ತಗಲುವ ಕ್ಷಯ ನಮ್ಮ ದೇಶದಲ್ಲಿ ಅಪರೂಪವಲ್ಲ. ಕೆಮ್ಮಿಲ್ಲದೆ, ಜ್ವರವಿಲ್ಲದೆ ಅದು ನಾಳಗಳನ್ನು ಮುಚ್ಚಿಬಿಡಬಲ್ಲದು. ಮುಚ್ಚಿದ ನಾಳಕ್ಕೆ ಅಂಡಾಣುವಿನ ಮಾತ್ರೆ ಏನು ಮಾಡೀತು?

ಮೊದಲ ಭೇಟಿಗೆ ಗಂಡಹೆಂಡಿರಿಬ್ಬರೂ ಹೋಗತಕ್ಕದ್ದು. ಮಕ್ಕಳಾಗದ ದಂಪತಿಗಳಲ್ಲಿ ಅರ್ಧದಷ್ಟು ಕಡೆ ಗಂಡನಲ್ಲಿಯೂ ಒಂದಿಲ್ಲೊಂದು ಕೊರತೆ ಕಂಡುಬರುತ್ತದೆ. ವೀರ್ಯಪರೀಕ್ಷೆ ಎಲ್ಲ ಪರೀಕ್ಷೆಗಳಲ್ಲಿ ಅಗ್ಗವಾದುದು, ನೋವಿಲ್ಲದ್ದು; ಆದರೂ ಹೆಂಡತಿಗೆ ಸೋನೋಗ್ರಫಿ, ಬಣ್ಣದ ಎಕ್ಸ್-ರೇ, ದುರ್ಬೀನಿನ ಶಸ್ತ್ರಕ್ರಿಯೆ ಎಲ್ಲ ಆದ ಮೇಲೆ ಕಟ್ಟಕಡೆಗೆ ಗಂಡನನ್ನು ಒಪ್ಪಿಸುವ ಮನೆಗಳು ಇಂದಿಗೂ ಇವೆ. ಇದು ಅನ್ಯಾಯ ಮಾತ್ರವಲ್ಲ, ಕಾಲಹರಣವೂ ಹೌದು.

ಗರ್ಭ ನಿಲ್ಲುವ ದಿನಗಳು ತಿಂಗಳಿಗೆ ಆರು: ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನಗಳು. ಅಂಡಾಣು ಬದುಕುವುದು ಒಂದು ದಿನ, ವೀರ್ಯಾಣು ಐದು ದಿನಗಳವರೆಗೆ. 28 ದಿನಗಳ ಚಕ್ರದಲ್ಲಿ ಇವು ಸ್ಥೂಲವಾಗಿ ಒಂಬತ್ತರಿಂದ ಹದಿನಾಲ್ಕನೆಯ ದಿನ. ರಾತ್ರಿಪಾಳಿ, ಪ್ರವಾಸದ ನೌಕರಿಗಳಿರುವ ನಗರದ ದಂಪತಿಗಳು ಈ ದಿನಗಳನ್ನು ತಿಳಿಯದೆಯೇ ತಿಂಗಳುಗಳನ್ನು ಕಳೆದಿರುವುದುಂಟು.

ಅಂಡಾಣುವಿಗೆ ಕೇಡೆಂದು ನಿಸ್ಸಂದೇಹವಾಗಿ ತಿಳಿದಿರುವುದು ಧೂಮಪಾನ. ಸೇದುವ ಸ್ತ್ರೀಯರಲ್ಲಿ ಮುಟ್ಟು ಒಂದೆರಡು ವರ್ಷ ಮುಂಚೆಯೇ ನಿಲ್ಲುತ್ತದೆ. ನಮ್ಮ ಹೆಂಗಸರು ಸೇದುವುದಿಲ್ಲವಲ್ಲ ಎನ್ನಬಹುದು. ಎಲೆಯಡಿಕೆಯೊಂದಿಗಿನ ಹೊಗೆಸೊಪ್ಪು, ಹಲ್ಲಿಗೆ ತಿಕ್ಕುವ ಮಶೇರಿ, ಗಂಡನ ಸಿಗರೇಟಿನ ಹೊಗೆ ಇವುಗಳೂ ಬಸಿರಿಗೆ ಹಿತವಲ್ಲ. ಅಂಡಾಶಯದ “ಚಾಕಲೇಟ್ ಗಡ್ಡೆ”ಯನ್ನು ತೆಗೆಯುವಾಗ ಅದರೊಂದಿಗೆ ಒಳ್ಳೆಯ ಅಂಡಾಣುಗಳೂ ಹೋಗುವ ಸಂಭವವಿರುವುದರಿಂದ, ಮಕ್ಕಳಾಗದಿರುವವರು ಶಸ್ತ್ರಕ್ರಿಯೆಗೆ ಒಪ್ಪುವ ಮುನ್ನ ಅದನ್ನು ಕೇಳಿ ತಿಳಿದುಕೊಳ್ಳಬೇಕು. ಥೈರಾಯ್ಡ್, ರಕ್ತದ ಸಕ್ಕರೆ, ರಕ್ತದೊತ್ತಡಗಳನ್ನು ಗರ್ಭಕ್ಕೆ ಮೊದಲೇ ಹತೋಟಿಗೆ ತರಬೇಕು. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಮುಂಚಿತವಾಗಿಯೇ ಆರಂಭಿಸುವುದು ಶಿಶುವಿನ ಬೆನ್ನುಹುರಿಯ ದೋಷವನ್ನು ತಡೆಯಲಿಕ್ಕಾಗಿ; ಅಂಡಾಣುವಿಗಾಗಿ ಅಲ್ಲ.

ಪ್ರನಾಳ ಚಿಕಿತ್ಸೆ ವಯಸ್ಸನ್ನು ಗೆದ್ದಿದೆಯೇ?

ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ 1986ರ ಆಗಸ್ಟ್ 6ರಂದು ಪ್ರನಾಳ ಶಿಶು ಜನಿಸಿದಾಗ ಅದು ಭಾರತದ ಮೊದಲನೆಯದೆಂದು ಎಲ್ಲರೂ ಹೆಮ್ಮೆಪಟ್ಟರು. ಡಾ. ಇಂದಿರಾ ಹಿಂದುಜಾ ಅವರೊಂದಿಗೆ ಆ ಸಾಧನೆಯ ಪಾಲುದಾರರಾಗಿದ್ದ ವಿಜ್ಞಾನಿ ಡಾ. ಟಿ.ಸಿ. ಆನಂದಕುಮಾರ್ ಮುಂದೆ ಬೆಂಗಳೂರಿನಲ್ಲಿ ನೆಲೆಸಿದವರು. ಕಲ್ಕತ್ತೆಯ ಡಾ. ಸುಭಾಷ್ ಮುಖೋಪಾಧ್ಯಾಯರು 1978ರಲ್ಲಿಯೇ ಈ ಕಾರ್ಯವನ್ನು ಸಾಧಿಸಿದ್ದರೆಂದು ಅವರ ಬರಹಗಳನ್ನು ಪರಿಶೀಲಿಸಿ 1997ರಲ್ಲಿ ಸಾರಿದವರೂ ಇದೇ ಆನಂದಕುಮಾರ್. ತಮ್ಮ ಹೆಸರಿಗಿದ್ದ ಪ್ರಥಮ ಸ್ಥಾನವನ್ನು ತಾವೇ ಬಿಟ್ಟುಕೊಟ್ಟ ಇಂತಹವರು ವಿಜ್ಞಾನದಲ್ಲಿ ವಿರಳ.

ಆದರೆ ಪ್ರನಾಳ ಚಿಕಿತ್ಸೆ ಅಂಡಾಣುವಿನ ವಯಸ್ಸನ್ನು ಇಳಿಸಲಾರದು. ಒಂದು ಸ್ಥೂಲವಾದ ಲೆಕ್ಕವನ್ನು ನೋಡಿ: ನಲವತ್ತರ ಸ್ತ್ರೀಯಿಂದ ಹತ್ತು ಅಂಡಾಣುಗಳು ದೊರೆತವೆನ್ನೋಣ. ಪಕ್ವವಾದವು ಎಂಟು, ಫಲಿತವಾದವು ಆರು, ಐದನೆಯ ದಿನದವರೆಗೆ ಬೆಳೆದ ಭ್ರೂಣಗಳು ಮೂರು, ವರ್ಣತಂತುಗಳ ಲೆಕ್ಕ ಸರಿಯಿರುವುದು ಒಂದು. ಅಮೇರಿಕದ ರಾಷ್ಟ್ರೀಯ ದಾಖಲೆಗಳಂತೆ ಸ್ವಂತ ಅಂಡಾಣುಗಳಿಂದ ಮಗು ಪಡೆಯುವವರು 35ರ ಒಳಗೆ ಸುಮಾರು ಅರ್ಧ. 42 ದಾಟಿದ ಮೇಲೆ ನೂರಕ್ಕೆ ಐದಕ್ಕೂ ಕಡಿಮೆ. ಭ್ರೂಣದ ವರ್ಣತಂತು ಪರೀಕ್ಷೆ ಇದ್ದುದರಲ್ಲಿ ಒಳ್ಳೆಯದನ್ನು ಆರಿಸಿಕೊಡುತ್ತದೆಯೇ ಹೊರತು ಕೆಟ್ಟುದನ್ನು ಸರಿಪಡಿಸುವುದಿಲ್ಲ. ಈ ಅಂಕಿಗಳನ್ನು ಮೊದಲ ದಿನವೇ ಬಿಡಿಸಿ ಹೇಳುವ ವೈದ್ಯರನ್ನು ನಂಬಬಹುದು.

ವಿವಾಹ ತಡವಾಗುವುದೆಂದು ತಿಳಿದಿರುವ ಯುವತಿಯರು ಅಂಡಾಣುಗಳನ್ನು ಶೀತಲೀಕರಿಸಿ ಇಡುವುದು ಈಗ ಸಾಧ್ಯ. ಇಲ್ಲಿಯೂ ಇಟ್ಟ ದಿನದ ವಯಸ್ಸೇ ಅಳತೆ. ನಾಲ್ಕರಲ್ಲಿ ಮೂರು ಪಾಲು ಭರವಸೆಯಿಂದ ಒಂದು ಮಗುವನ್ನು ನಿರೀಕ್ಷಿಸಲು 34ರಲ್ಲಿ ಇಟ್ಟರೆ 10, 37ರಲ್ಲಿ 20, 42ರಲ್ಲಿ 61 ಪಕ್ವ ಅಂಡಾಣುಗಳು ಬೇಕೆಂದು 2017ರ ಒಂದು ಗಣಿತ ತೋರಿಸಿದೆ. ಒಂದು ಬಾರಿಗೆ ದೊರೆಯುವುದು ಎಂಟೋ ಹತ್ತೋ ಆದಾಗ 61 ಎಂಬ ಅಂಕಿಯ ಅರ್ಥವನ್ನು ಬೇರೆ ವಿವರಿಸಬೇಕಾಗಿಲ್ಲ.

ಕೊನೆಯ ದಾರಿ ಇನ್ನೊಬ್ಬ ಕಿರಿಯ ಸ್ತ್ರೀಯ ಅಂಡಾಣುವಿನ ದಾನ. ಹೀಗೆ ಗರ್ಭ ನಿಂತು ಹೆರಿಗೆಯಾದ ಸುದ್ದಿ 1984ರಲ್ಲಿ ಆಸ್ಟ್ರೇಲಿಯದಿಂದ ಬಂತು. ನಲವತ್ತೈದರ ಸ್ತ್ರೀಯ ಗರ್ಭಕೋಶ ಇಪ್ಪತ್ತೈದರ ಅಂಡಾಣುವನ್ನು ಚೆನ್ನಾಗಿಯೇ ಪೋಷಿಸುತ್ತದೆ. ಮುಪ್ಪು ಮನೆಗಲ್ಲ, ಬೀಜಕ್ಕೆ ಎಂಬುದು ಇದರಿಂದಲೇ ಸ್ಪಷ್ಟವಾಯಿತು. ಆದರೂ ಆ ವಯಸ್ಸಿನಲ್ಲಿ ರಕ್ತದೊತ್ತಡ, ಸಕ್ಕರೆಯ ತೊಂದರೆಗಳು ಹೆಚ್ಚಾದುದರಿಂದ ತಾಯಿಯ ಹೃದಯ, ಮೂತ್ರಪಿಂಡಗಳ ತಪಾಸಣೆ ಮೊದಲೇ ಆಗಬೇಕು. ನಮ್ಮಲ್ಲಿ 2021ರ ಕಾಯಿದೆಯಂತೆ ದಾನಿಯ ವಯಸ್ಸು 23ರಿಂದ 35ರೊಳಗಿರಬೇಕು. ಆಕೆ ಜೀವಮಾನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣುಗಳನ್ನು ತೆಗೆಯುವಂತಿಲ್ಲ. ಚಿಕಿತ್ಸೆ ಪಡೆಯುವ ಸ್ತ್ರೀಗೆ 50 ಆಗಿರಬಾರದು, ಪುರುಷನಿಗೆ 55. ನೆಂಟರಿಷ್ಟರ ಮಾತಿಗೆ ಅಂಜಿ ಈ ದಾರಿಯನ್ನು ಗುಟ್ಟಾಗಿ ಹಿಡಿಯುವವರೂ, ಹಿಡಿಯದೆ ಹಿಂದೆಗೆಯುವವರೂ ಕೇಳುವುದು ಒಂದೇ ಪ್ರಶ್ನೆ: ಮಗು ಯಾರದು? ಕಾಯಿದೆಯ ಉತ್ತರದಲ್ಲಿ ಸಂದಿಗ್ಧವಿಲ್ಲ. ಹೀಗೆ ಜನಿಸಿದ ಮಗು ಆ ದಂಪತಿಗಳದೇ ಸ್ವಂತ ಸಂತಾನ. ಆಸ್ತಿಯಿಂದ ಮೊದಲ್ಗೊಂಡು ಎಲ್ಲ ಹಕ್ಕುಗಳೂ ಅದಕ್ಕುಂಟು, ದಾನಿಗೆ ಅದರ ಮೇಲೆ ಯಾವ ಅಧಿಕಾರವೂ ಇಲ್ಲ.